ಬೆಳಗೊಳದವಳ ಮುಯ್ಯಾಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಕೂಗಾಡಿದ್ದನ್ನು ಓದಿ, ಇವಳೆಂಥ ಹೆಂಗಸಪ್ಪಾ ಅನ್ನಿಸೀತು. ಕಿಕ್ಕೇರಿಯಲ್ಲಿ ಹುಟ್ಟಿ, ಬಹಳ ವರ್ಷ ಕೆ.ಆರ್.ಪೇಟೆಯಲ್ಲಿ ಟೈಪಿಂಗ್ ಕಲಿಸಿದವಳು ನಾನು. ಬೆರಳು ತಪ್ಪು ಕೀಲಿಯ ಮೇಲೆ ಬೀಳುವ ಮೊದಲೇ ಗದರುವುದು ಅಭ್ಯಾಸವಾಗಿಹೋಗಿತ್ತು. ಟೈಪಿಂಗ್ ಕಲಿಯುವವರೇ ಇಲ್ಲವಾಗಿ, ಮಷಿನ್ನುಗಳನ್ನೆಲ್ಲ ಗುಜರಿಯವನ ಆಟೋಗೆ ಹತ್ತಿಸಿದ ಮೇಲೆ, ಪಾಂಡವಪುರದಲ್ಲಿ ಬೆಲ್ಲದ ಮಂಡಿಯ ಮಹಡಿ ಮೇಲೆ ಶುರುವಾಗಿದ್ದ ಕಂಪ್ಯೂಟರ್ ಕೇಂದ್ರಕ್ಕೆ ಸೇರಿಕೊಂಡೆ. ಅಲ್ಲಿ ನನ್ನ ಕೆಲಸದ ಹೆಸರು ಕ್ವಾಲಿಟಿ. ಅಂದರೆ ಬೇರೆಯವರ ತಪ್ಪು ಹುಡುಕುವುದು. ನನಗೆ ಹೇಳಿಮಾಡಿಸಿದ ಕೆಲಸ.

ಕಡಲಾಚೆಯ ಒಂದು ವಿಮಾ ಕಂಪನಿಯ ಅರ್ಜಿಗಳನ್ನು ನಾವು ಟೈಪು ಮಾಡುತ್ತಿದ್ದೆವು, ಈಗಲೂ ಮಾಡುತ್ತೇವೆ. ಅಲ್ಲಿನ ಜನ ಕೈಬರಹದಲ್ಲಿ ತುಂಬಿದ ಹಾಳೆಗಳ ಚಿತ್ರಗಳು ಬೆಳಿಗ್ಗೆ ನಮ್ಮ ಪರದೆಗೆ ಬಂದಿರುತ್ತವೆ. ಅವರು ಮಲಗಿ ಏಳುವಷ್ಟರಲ್ಲಿ ಮುಗಿದಿರಬೇಕು. ಇತ್ತೀಚೆಗೆ ಯಂತ್ರವೇ ಮೊದಲು ಓದಿ, ತನಗೆ ತಿಳಿಯದ್ದನ್ನು ಮಾತ್ರ ನಮಗೆ ಬಿಡುತ್ತದೆ. ಹಾಗಾಗಿ ನಮಗೆ ಸಿಗುವುದು ನಡುಗುವ ಕೈಗಳ ಬರಹ, ಕಾಫಿ ಚೆಲ್ಲಿದ ಹಾಳೆ, ಹೊಡೆದು ತಿದ್ದಿದ ಅಂಕಿ. ದೊಡ್ಡ ಊರಿನ ಹುಡುಗರು ಆರು ತಿಂಗಳಿಗೊಮ್ಮೆ ಕಂಪನಿ ಬದಲಿಸುತ್ತಾರಂತೆ, ತಾಲ್ಲೂಕಿನ ಹೆಂಗಸರು ಕೂತಲ್ಲೇ ಕೂತು ಕೆಲಸ ಕಲಿಯುತ್ತಾರಂತೆ. ಅದಕ್ಕೇ ಈ ಕೆಲಸ ನಮ್ಮ ಮಹಡಿ ಹತ್ತಿ ಬಂದದ್ದು. ನಮ್ಮ ಮ್ಯಾನೇಜರು ಇದನ್ನು ಆಫ್‌ಶೋರ್ ಅನ್ನುತ್ತಾರೆ, ಅಂದರೆ ದಡದಾಚೆಯ ಕೆಲಸ. ನಮಗೆ ಗೊತ್ತಿರುವ ದಡ ಅಂದರೆ ನಾಲೆ ಏರಿ ಮಾತ್ರ, ಆದರೂ ತಲೆಯಾಡಿಸುತ್ತೇವೆ.

ಆ ಕಂಪನಿಯ ನಿಯಮಗಳಲ್ಲಿ ಎರಡನ್ನು ನಾನು ದೇವರ ಮಾತಿನಂತೆ ಪಾಲಿಸುತ್ತಿದ್ದೆ. ಒಂದೇ ಅರ್ಜಿಯನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಟೈಪು ಮಾಡಬೇಕು. ಎರಡೂ ಒಂದೇ ಇದ್ದರೆ ಸರಿ, ಬೇರೆಯಾದರೆ ನನ್ನ ಬಳಿ ಬರಬೇಕು. ಇನ್ನೊಂದು, ಪ್ರತಿಯೊಬ್ಬರಿಗೂ ಅವರವರ ಹೆಸರಿನ ಐಡಿ. ಅದನ್ನು ಪ್ರಾಣ ಹೋದರೂ ಇನ್ನೊಬ್ಬರಿಗೆ ಕೊಡಬಾರದು. ಸೇರಿದ ದಿನವೇ ಎಲ್ಲರಿಗೂ ಇದನ್ನು ನಾನೇ ಹೇಳಿಕೊಟ್ಟು ಸಹಿ ಹಾಕಿಸುತ್ತಿದ್ದೆ.

ಒಂದು ಬುಧವಾರ ಆ ಕಂಪನಿಯಿಂದ ದೂರು ಬಂತು. ಅಲ್ಲಿನ ಒಬ್ಬ ಮುದುಕ ತನ್ನ ಹೆಂಡತಿಗೆ ಕಿವಿಯ ಯಂತ್ರ ಬೇಕೆಂದು ಅರ್ಜಿ ಹಾಕಿದ್ದನಂತೆ. ಯಂತ್ರ ಮಂಜೂರಾಗಿ, ಅದೇ ಬೀದಿಯ ಬೇರೆ ಯಾರದೋ ಬೀಗ ಹಾಕಿದ ಮನೆಗೆ ಹೋಗಿ ಕೂತಿತ್ತು. ಅರ್ಜಿಯ ಮನೆ ನಂಬರಿನಲ್ಲಿದ್ದ ಒಂದು ಎಂಬ ಅಂಕಿಗೆ ಆ ಕಡೆಯವರ ರೂಢಿಯಂತೆ ತಲೆಯ ಮೇಲೊಂದು ಕೊಕ್ಕೆ ಇತ್ತು. ನಮ್ಮವರು ಅದನ್ನು ಏಳು ಎಂದು ಟೈಪು ಮಾಡಿದ್ದರು. ಒಬ್ಬಳಲ್ಲ, ಇಬ್ಬರೂ.

ಒಬ್ಬಳು ಮೇಲುಕೋಟೆ ಕಡೆಯವಳು, ಮಗ್ಗದ ಮನೆಯ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ವೇಗದ ಕೈ. ಕೊಕ್ಕೆಯ ಒಂದನ್ನು ಏಳು ಅನ್ನುವುದು ಅವಳ ಹಳೆಯ ಚಾಳಿ, ಎಷ್ಟು ಸಲ ಬೈದಿದ್ದೆನೋ. ಇನ್ನೊಬ್ಬಳು ಬೆಳಗೊಳದ ಸೊಸೆ. ಅವಳು ಬಸುರಿ, ಬಸ್ಸಿನಲ್ಲಿ ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರಿಂದ ಎರಡು ತಿಂಗಳಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಅವಳು ಆ ತಪ್ಪು ಮಾಡುವವಳೇ ಅಲ್ಲ. ಸಾರಿನ ರುಚಿ ನೋಡಿ ಯಾರ ಕೈಯದು ಅಂತ ಹೇಳುವ ಹಾಗೆ, ಟೈಪು ನೋಡಿದರೆ ನನಗೆ ಯಾರದೆಂದು ಗೊತ್ತಾಗುತ್ತದೆ. ಬೆಳಗೊಳದವಳ ಐಡಿ ಎಲ್ಲಿಂದ ತೆರೆದಿದೆ ಎಂದು ನೋಡಿದೆ. ನಮ್ಮ ಕೇಂದ್ರದಿಂದಲೇ, ಕಿಟಕಿ ಪಕ್ಕದ ಕಂಪ್ಯೂಟರಿನಿಂದ. ಹನ್ನೆರಡು ದಿನದಿಂದ ಹಾಗೇ ನಡೆದಿತ್ತು. ಮೈಯೆಲ್ಲ ಉರಿದುಹೋಯಿತು.

ಊಟದ ಹೊತ್ತಿಗೆ ಹಿಂದಿನ ಕೋಣೆಗೆ ನುಗ್ಗಿದೆ. ಮೇಲುಕೋಟೆಯವಳೂ ನಾಗಮಂಗಲ ಕಡೆಯಿಂದ ಬರುವ ಇನ್ನಿಬ್ಬರು ಟೈಪಿನವರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಬೆಳಗೊಳದವಳ ಐಡೀಲಿ ಯಾರು ಕೆಲಸ ಮಾಡ್ತಿರೋದು? ಬಾಯಿ ಬಿಡಿ!" ಅಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ನಾಗಮಂಗಲದ ದೊಡ್ಡವಳು ಮುದ್ದೆ ಮುರಿಯುತ್ತಲೇ ಹೇಳಿದಳು, "ನಾವೇ ಕಣಕ್ಕಾ. ಮುಯ್ಯಾಳು."

ನಮ್ಮ ಕಡೆ ನಾಟಿ ಹೊತ್ತಿನಲ್ಲಿ ಕೂಲಿ ಇಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವುದುಂಟು. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ, ನನ್ನ ಗದ್ದೆಯ ದಿನ ನೀನು ಬರಬೇಕು. ಅದು ಮುಯ್ಯಾಳು. ಯಾರೂ ಕಾಗದ ಬರೆದುಕೊಳ್ಳುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ. ಈ ಹೆಂಗಸರು ಅದನ್ನು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದರು!

"ಅವ್ಳ ಮಗ ಏಳ್ ತಿಂಗ್ಳಿಗೇ ಬಂದ್ಬುಡ್ತಕ್ಕ," ಅಂದಳು ಮೇಲುಕೋಟೆಯವಳು. "ಮೈಸೂರ್ ಆಸ್ಪತ್ರೇಲಿ ಗಾಜಿನ್ ಪೆಟ್ಗೇಲಿ ಮಡಗವ್ರೆ. ಅವ್ಳೆಂಗ್ ಲ್ಯಾಪ್‌ಟಾಪ್ ಹಿಡ್ಯಾಕಾಯ್ತದೆ?"

"ರಜೆ ಕೇಳಬೇಕಿತ್ತು!"

"ರಜೆ ಕೊಡ್ತಾರೆ. ಐಡಿ ಉಳೀತದಾ?"

ಅದು ನಿಜ. ಹದಿನೈದು ದಿನ ಮುಟ್ಟದ ಐಡಿ ತಾನಾಗೇ ಮುಚ್ಚಿಹೋಗುತ್ತದೆ. ಮತ್ತೆ ಬೇಕೆಂದರೆ ಮೊದಲಿನಿಂದ ಪರೀಕ್ಷೆ, ಮೊದಲಿನಿಂದ ಸರದಿ. ಹೆರಿಗೆಗೆಂದು ಹೋದ ಇಬ್ಬರು ಹಾಗೇ ವಾಪಸು ಬಂದಿರಲಿಲ್ಲ.

ಆದರೆ ನನ್ನ ಸಿಟ್ಟು ಇಳಿಯಲಿಲ್ಲ. "ಒಂದೇ ಅರ್ಜೀನ ಒಂದೇ ಕಣ್ಣು ಎರಡು ಸಲ ಓದಿದರೆ ಏನು ಪ್ರಯೋಜನ? ಅಲ್ಲೊಬ್ಬ ಮುದುಕಿಗೆ ಇನ್ನೂ ಕಿವಿ ಕೇಳ್ತಿಲ್ಲ ಕಣ್ರೇ! ಗಂಡ ಕೂಗಿದ್ರೆ ಗೊತ್ತಾಗಲ್ಲ! ನಿಮ್ಮ ಮುಯ್ಯಾಳಿಂದ!" ಎಂದು ಬಾಯಿಗೆ ಬಂದಂತೆ ಬೈದೆ. ಮೇಲುಕೋಟೆಯವಳು ಡಬ್ಬಿ ಮುಚ್ಚಿ ಗಳಗಳ ಅತ್ತಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ ಕೊನೆಗೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ನೋವಾದದ್ದು ಅದಕ್ಕೇ.

"ನಿಮ್ಗೆ ಯೋಳಿದ್ರೆ ನೀವು ಸುಳ್ ಬರೀಬೇಕಾಯ್ತಿತ್ತು," ಅಂದಳು ನಾಗಮಂಗಲದವಳು. "ನಿಮ್ ಕೈಲಿ ಸುಳ್ ಬರ್ಸಾಕೆ ನಮ್ಗೆ ಮನ್ಸ್ ಬರ್ನಿಲ್ಲ."

ಹಾಗೇ ತಿರುಗಿ ಹೊರಗೆ ಬಂದುಬಿಟ್ಟೆ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಮೈಸೂರಿಗೆ ಹೋದೆ. ಕೈಯಲ್ಲಿ ಎರಡು ಎಳನೀರು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಕೂತಿದ್ದೆ. ಬೆಳಗೊಳದವಳು ಕೂಸುಗಳ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು, ಸ್ಕಾರ್ಫು ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಲ್ಲಲು ಹೋದಳು. ಬಾಣಂತಿ, ಹಸಿ ಮೈ! "ಕೂತ್ಕೊಳೇ ಸುಮ್ಮನೆ," ಎಂದು ಗದರಿದೆ. ಜೋಡಿಸಿಕೊಂಡಿದ್ದರಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ವಿಷಯ ಅವಳಿಗೆ ಗೊತ್ತಾಗಿತ್ತು. "ನನ್ ಐಡಿ ತೆಗ್ದಾಕ್ಬುಡಿ ಅಕ್ಕ. ಅವ್ರ್ ಮೂವರ್ಗೂ ಏನೂ ಆಗ್ದಂಗೆ ನೋಡ್ಕಳಿ. ಪಾಸ್‌ವರ್ಡ್ ಕೊಟ್ಟೋಳು ನಾನು," ಅಂದಳು.

"ಆಮೇಲೆ ನೀನೇನು ಮಾಡ್ತೀಯ?"

"ಅತ್ತೆ ಮನೇಲಿ ಎಲ್ಲಾ ಐತೆ ಅಕ್ಕ. ಗದ್ದೆ, ಹಸ, ಮನೆ. ಯಾರೂ ನನ್ನ ಕೆಟ್ಟದಾಗಿ ನೋಡಲ್ಲ. ಆದ್ರೆ ನನ್ ಹೆಸ್ರು ಬರ್ದಿರೋದು ಅಂತ ಇರೋದು ಆ ಐಡಿ ಒಂದೇಯ."

ನರ್ಸಮ್ಮ ಒಳಗೆ ಕರೆದು ಗಾಜಿನಾಚೆಯಿಂದ ಮಗುವನ್ನು ತೋರಿಸಿದರು. ನನ್ನ ಒಂದು ಮೊಳವೂ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಸುತ್ತಿತ್ತು. ನನ್ನ ಜನ್ಮದಲ್ಲಿ ಎಷ್ಟೋ ಬೆರಳುಗಳನ್ನು ನೋಡಿದ್ದೇನೆ, ಇಷ್ಟು ಚಿಕ್ಕವನ್ನು ನೋಡಿರಲಿಲ್ಲ.

ಶುಕ್ರವಾರ ಸಂಜೆ ಆ ಕಂಪನಿಯವರ ಜೊತೆ ವಾರದ ಮಾತುಕತೆ. ಪರದೆಯ ಮೇಲೆ ಬರುತ್ತಿದ್ದದ್ದು ನನ್ನಷ್ಟೇ ವಯಸ್ಸಿನ ಹೆಂಗಸು, ಕನ್ನಡಕದ ದಾರ ಕತ್ತಿಗೆ ಹಾಕಿಕೊಂಡವಳು. ನಮ್ಮ ಮ್ಯಾನೇಜರು ಪಾಪ ಒಳ್ಳೆಯವರು, "ಟೈಪಿಂಗ್ ತಪ್ಪು ಅಂತ ಹೇಳಿ ಮುಗಿಸಿಬಿಡೋಣ ಮೇಡಂ," ಎಂದು ಪಿಸುಗುಟ್ಟಿದರು. ನನ್ನ ಕೈಯಲ್ಲಿ ಸುಳ್ಳು ಬರೆಸಲು ಮನಸ್ಸು ಬಾರದ ಮೂವರು ಗೋಡೆಯ ಆಚೆ ಕೂತಿದ್ದರು. ನಾನು ಎಲ್ಲ ಹೇಳಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ನಾಟಿ, ಗದ್ದೆ, ಸರದಿ, ಏಳು ತಿಂಗಳ ಮಗು, ಎಲ್ಲವನ್ನೂ. ತಪ್ಪು ಎಲ್ಲಿ ಆಯಿತು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಅವಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ, ಆ ಐಡಿಯನ್ನು ಇವತ್ತೇ ಮುಚ್ಚಬೇಕಾಗುತ್ತದೆ, ಉಳಿದ ಮೂವರಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆ, ನಿನ್ನ ಹೆಸರಿಗೂ ಒಂದು, ಅಂದಳು. ಪರದೆ ಆರುವ ಮುಂಚೆ ಮಗುವಿನ ತೂಕ ಎಷ್ಟು ಎಂದು ಕೇಳಿದಳು. ಹೇಳಿದೆ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಸೋಮವಾರ ಅವಳಿಂದ ಪತ್ರ. ಕಿವಿಯ ಯಂತ್ರ ಸರಿಯಾದ ಮನೆಗೆ ತಲುಪಿತು ಎಂದು ಮೊದಲ ಸಾಲು. ನೀನು ಹೇಳಿದ ಗದ್ದೆಯ ಪದ್ಧತಿಯನ್ನು ನಿಯಮಕ್ಕೆ ಒಗ್ಗುವಂತೆ ಎರಡು ಪುಟದಲ್ಲಿ ಬರೆದು ಕಳಿಸು ಎಂದು ಎರಡನೆಯದು. ಕೂತು ಬರೆದೆ. ರಜೆ ಹೋದವರ ಪಾಲನ್ನು ಜೊತೆಯವರು ಮಾಡಬಹುದು, ಆದರೆ ತಮ್ಮದೇ ಐಡಿಯಲ್ಲಿ. ಒಂದು ಅರ್ಜಿಗೆ ಒಂದೇ ಕಣ್ಣು ಎರಡು ಸಲ ಬೀಳಕೂಡದು. ಹೆರಿಗೆಗೆ ಹೋದವಳ ಐಡಿ ಮುಚ್ಚಕೂಡದು, ಬೀಗ ಹಾಕಿ ಇಡಬೇಕು. ಅದನ್ನು ಒಪ್ಪಿಕೊಂಡರು. ಈಚೆಗೆ ಅವರ ಬೇರೆ ಬೇರೆ ದೇಶದ ಕೇಂದ್ರಗಳಿಗೆಲ್ಲ ಇದನ್ನೇ ಉತ್ತಮ ಪದ್ಧತಿ ಅಂತ ತೋರಿಸಿದರು, ಉದ್ದನೆಯ ಇಂಗ್ಲಿಷ್ ಹೆಸರಿಟ್ಟು. ಮುಯ್ಯಾಳು ಅನ್ನುವ ಮಾತು ಎಲ್ಲೂ ಇರಲಿಲ್ಲ. "ಥೂ, ನಮ್ಮೂರ ಹೆಸರಾದ್ರೂ ಹಾಕಬಾರದಿತ್ತಾ," ಎಂದು ಒಬ್ಬಳೇ ಗೊಣಗಿಕೊಂಡೆ.

ಆದರೆ ಹೊಸ ನಿಯಮ ಮುಚ್ಚಿಹೋದ ಐಡಿಯನ್ನು ತೆರೆಯಲಿಲ್ಲ. ಬೆಳಗೊಳದವಳು ಮೊದಲಿನಿಂದ ಪರೀಕ್ಷೆ ಬರೆಯಬೇಕಾಯಿತು. ಐದು ತಿಂಗಳ ನಂತರ ಬಂದಳು, ಮಗುವನ್ನು ಅವಳ ಅತ್ತೆಯೇ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನಾನೇ ಮೇಲ್ವಿಚಾರಕಿ. ಅವಳು ಟೈಪು ಮಾಡುವಾಗ ಹಿಂದೆಯೇ ನಿಂತಿದ್ದೆ. ಕೊಕ್ಕೆಯ ಒಂದು ಬಂದಾಗ ಪರದೆಯತ್ತ ಬಗ್ಗಿದೆ. ಒಂದು ಅಂತಲೇ ಹೊಡೆದಳು. ಪಾಸಾದಳು.

ಹೊಸ ಐಡಿ ಬಂದ ದಿನ ಅವಳು ಮೊದಲು ಮಾಡಿದ ಕೆಲಸ ಊಟದ ಕೋಣೆಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ತಿರುಗಿಸಿದ್ದು. ಹಿಂದೆ ಪೆನ್ಸಿಲಿನಲ್ಲಿ ಗೀಟುಗಳಿದ್ದವು. ಮೇಲುಕೋಟೆಗೆ ಐದು, ನಾಗಮಂಗಲದ ಇಬ್ಬರಿಗೂ ಸೇರಿ ಏಳು. ಅವಳ ಬದಲು ಅವರು ಮಾಡಿದ ದಿನಗಳು. ಅವಳು ಪೆನ್ಸಿಲು ತೆಗೆದು ಕೆಳಗೆ 'ಕ್ವಾಲಿಟಿ ಅಕ್ಕ' ಎಂದು ಬರೆದು ಒಂದು ಗೀಟು ಎಳೆದಳು.

"ಇದೇನೇ? ನಾನು ನಿನ್ನ ಐಡಿ ಮುಟ್ಟಿಲ್ಲ. ಮುಚ್ಚಿಸಿದವಳು ನಾನು," ಅಂದೆ.

"ಆಸ್ಪತ್ರೆಗ್ ಬಂದಿದ್ರಲ್ಲ. ಅದು ಒಂದಾಳು," ಅಂದಳು. "ನಿಮ್ ಗದ್ದೆಗ್ ಯಾವಾಗ್ ಬರ್ಲಿ ಯೋಳಿ."

ನನಗೆ ಗದ್ದೆಯಿಲ್ಲ. ಇರುವುದು ಬಾಡಿಗೆ ಮನೆಯ ಎರಡು ಕೋಣೆ, ನಾನೊಬ್ಬಳೇ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಮುಯ್ಯಾಳಿನ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು, ಅದಕ್ಕೇ ಜೋರು ಮಾಡಿದೆ. "ಭಾನುವಾರ ಬಾ. ಮಗೂನ ಕರ್ಕೊಂಡು ಬಾ. ತಡ ಮಾಡಿದ್ರೆ ನೋಡು!"

ಅವಳು ಸರಿಯಾಗಿ ಹತ್ತು ಗಂಟೆಗೆ ಬಂದಳು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಸೆರಗು ಸಿಕ್ಕಿಸಿಕೊಂಡು, ಕೇಳದೆಯೇ ಪೊರಕೆ ತೆಗೆದುಕೊಂಡಳು.