ಏಡಿ ಕೊಟ್ಟ ಲ್ಯಾಬ್ ರಿಪೋರ್ಟು

ತಾಕತ್ತಿದ್ದರೆ ನಂಬದೇ ಇರಿ. ಗೋಣಿಬೀಡಿನ ಹತ್ತಿರ ನಮ್ಮ ತೋಟದ ಹಳ್ಳದಲ್ಲಿ ಮೊನ್ನೆ ವಿಜ್ಞಾನಿಯೊಬ್ಬಳ ಬೆರಳನ್ನು ಒಂದು ಏಡಿ ಕಚ್ಚಿ ನೇತಾಡಿತು. ಅವಳು ಕೂಗಿದ ಕೂಗಿಗೆ ಪಕ್ಕದ ಎಸ್ಟೇಟಿನವರೂ ಓಡಿ ಬಂದರು.

ನೀರು, ಮಣ್ಣಿಗೆ ಸೇರಿದ ಲೋಹದ ವಿಷ ಹುಡುಕುವುದು ಈ ಹುಡುಗಿಯ ಕೆಲಸ. ಹೋದ ವರ್ಷ ಮೊದಲು ಬಂದಾಗ, ಕಾಫಿ ಗಿಡಕ್ಕೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರ ಇರುತ್ತದೆ, ಅದರ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ ಎಂದಳು. ನಾನು ಬಿಡುತ್ತೇನೆಯೇ? ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ನಾವು ಕತ್ತಿ ಅದ್ದುತ್ತೇವೆ. ಸಾಲದಿದ್ದರೆ ತಾಮ್ರ ಹತ್ತಿ ಅಲಗು ಕೆಂಪಾಗುತ್ತದೆ. ಅದೇ ಕತ್ತಿಯನ್ನು ಹಳ್ಳದಲ್ಲಿ ಅದ್ದಿ, ಚೂರೂ ಕೆಂಪಾಗದೆ ಹೊಳೆಯುವ ಅಲಗನ್ನು ಅವಳ ಮೂಗಿನ ಮುಂದೆ ಹಿಡಿದೆ.

"ನೋಡು ಮಾರಾಯ್ತಿ, ಇದು ನಮ್ಮ ಲ್ಯಾಬ್ ರಿಪೋರ್ಟು."

ನಾವು ಡ್ರಮ್ ತೊಳೆಯುವ ಜಾಗದಲ್ಲಿ ಅವಳು ನಾಲ್ಕಾರು ಕಲ್ಲು ಮಗುಚಿದಳು. ಅಡಿಯಲ್ಲಿ ಒಂದು ಹುಳವೂ ಇರಲಿಲ್ಲ.

"ಅಜ್ಜ, ಕತ್ತಿಗೆ ಕಾಣದ್ದು ಏಡಿಗೆ ಗೊತ್ತಾಗುತ್ತೆ. ನೀವು ಇಲ್ಲಿ ಕಡೇ ಸಲ ಏಡಿ ಹಿಡಿದಿದ್ದು ಯಾವಾಗ, ಹೇಳಿ ನೋಡುವ?"

ಏಡಿ ಹಿಡಿಯುವುದರಲ್ಲಿ ಈ ಸೀಮೆಗೇ ಹೆಸರಾದವನು ನಾನು. ಆದರೂ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವತ್ತಿನಿಂದ ಡ್ರಮ್ ತೊಳೆದ ನೀರನ್ನೂ ಹಳ್ಳಕ್ಕೆ ಬಿಡದೆ ಗಿಡಕ್ಕೇ ಹೊಡೆಯುತ್ತಿದ್ದೇವೆ. ಮೊನ್ನೆ ಅವಳು ಮತ್ತೆ ಬಂದಾಗ ಏಡಿ ಸಿಕ್ಕಿದ್ದು ಅದೇ ಕಲ್ಲುಗಳಲ್ಲಿ ಒಂದರಡಿ. ಸಾರಿನ ಆಸೆಯಾದರೂ ವಾಪಸ್ ಬಿಟ್ಟೆ.

ಇದರಲ್ಲಿ ಒಂದೇ ಒಂದು ಸುಳ್ಳಿದೆ. ಕಚ್ಚಿಸಿಕೊಂಡು ಕೂಗಿದ್ದು ನಾನು, ಹೊಟ್ಟೆ ಹಿಡಿದು ನಕ್ಕಿದ್ದು ಅವಳು. ಬಟ್ಟೆ ಸುತ್ತಿದ ಈ ಬೆರಳೇ ಈಗ ನಮ್ಮ ಹಳ್ಳದ ಲ್ಯಾಬ್ ರಿಪೋರ್ಟು, ಕೇಳದಿದ್ದವರಿಗೂ ತೋರಿಸುತ್ತಿದ್ದೇನೆ.