ತಾಳ ತಪ್ಪಿಸಿದ ದೊಡ್ಡವ್ವ

ದೊಡ್ಡವ್ವನ ಬಲಗೈ ತೋರುಬೆರಳಿನ ಬುಡದಲ್ಲಿ, ತಾಳದ ದಾರ ಸುತ್ತಿ ಸುತ್ತಿ ಬಿದ್ದಿದ್ದ ಕಪ್ಪು ಗೆರೆಯೊಂದಿತ್ತು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹೋಗಲೆಂಬ ಆಸೆ ಅವಳಿಗೂ ಇರಲಿಲ್ಲ. ಅವಳು ನಮಗೆ ನೆಂಟಳಲ್ಲ, ಗೋಡೆಯಾಚೆಯ ಮನೆಯವಳು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ದಿನಗಳವು. ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಗದ್ದೆ ಮಾಡಿಕೊಂಡಿದ್ದ ನಮ್ಮ ಕೇರಿಯ ಹೆಂಗಸರಿಗೆ ಶನಿವಾರ ಸಂಜೆಯ ಭಜನೆಯೇ ತವರುಮನೆ, ಆ ತವರಿಗೆ ದೊಡ್ಡವ್ವನೇ ಯಜಮಾನಿ. ತಾಳ ತಪ್ಪಿದವರ ತೊಡೆಯನ್ನು ಹಾಡು ನಿಲ್ಲಿಸದೆಯೇ ಚಿವುಟುತ್ತಿದ್ದಳು. ಅವ್ವನನ್ನು ಮಾತ್ರ ಚಿವುಟಿದ್ದು ನಾನು ಕಾಣೆ. ಅವ್ವನ ತಾಳ ಅಷ್ಟು ಖಚಿತ.

ಸಿದ್ದಾಪುರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಚಳಿಜ್ವರದಲ್ಲಿ ತೀರಿಕೊಂಡ. ತಿಥಿ ಮುಗಿದರೂ ಅವ್ವ ಒಳಕೋಣೆಯಿಂದ ಏಳಲಿಲ್ಲ. ಮಾತಿಲ್ಲ, ತಟ್ಟೆಗೆ ಹಾಕಿದ ಮುದ್ದೆ ಹಾಕಿದ ಹಾಗೇ. ಅಪ್ಪನ ಹಿಂದೆ ಇವಳೂ ಹೋಗಿಬಿಡುತ್ತಾಳೆಂದು ಹೆದರಿ ನಾನು ಅವಳ ಸೆರಗು ಹಿಡಿದೇ ಮಲಗುತ್ತಿದ್ದೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಭಜನೆ ಕೂರುವಂತಿರಲಿಲ್ಲ. ಅಲ್ಲಿಯ ತನಕ ಗಂಡ ಸತ್ತವಳು ಭಜನೆಗೆ ಬರುವಂತೆಯೂ ಇರಲಿಲ್ಲ.

ಸರದಿಯಂತೆ ಮನೆಯಿಂದ ಮನೆಗೆ ಹೋಗಬೇಕಾದ ಭಜನೆಯನ್ನು ದೊಡ್ಡವ್ವ ತನ್ನ ಜಗಲಿಯಲ್ಲೇ, ನಮ್ಮ ಗೋಡೆಗೆ ಒರಗಿ, ಹೂಡಿಬಿಟ್ಟಳು. ಕೇಳಿದವರಿಗೆ ಮಂಡಿನೋವು ಅಂದಳು. ಸಾಲದ್ದಕ್ಕೆ ತಾಳವನ್ನೂ ತಪ್ಪಿಸತೊಡಗಿದಳು. ವಾರ ವಾರವೂ ಹಾಡು ಒಂದು ದಾರಿ, ತಾಳ ಒಂದು ದಾರಿ. ದೊಡ್ಡವ್ವನಿಗೆ ಅರುಳುಮರುಳು ಎಂದು ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಅವಳ ತೊಡೆ ಚಿವುಟುವ ಧೈರ್ಯ ಯಾರಿಗಿತ್ತು?

ಒಂದು ಶನಿವಾರ ಅವ್ವ ಎದ್ದಳು. ಬಾಗಿಲು ದಾಟಿ, ಆ ಜಗಲಿ ಹತ್ತಿ, ದೊಡ್ಡವ್ವನ ಮುಂದೆ ಕೈ ಚಾಚಿದಳು.

"ಹಂಗಲ್ಲ ಅದು. ಕೊಡಿ ಇಲ್ಲಿ."

ಎಷ್ಟೋ ದಿನಗಳ ಮೇಲೆ ಕೇಳಿದ ಅವ್ವನ ದನಿ. ವರ್ಷ ತುಂಬಿಲ್ಲವಲ್ಲ ಎಂದು ಯಾರೋ ಗೊಣಗಿದರು. ದೊಡ್ಡವ್ವ ತನ್ನ ಬೆರಳಿನ ದಾರ ಬಿಚ್ಚಿ ಅವ್ವನ ಬೆರಳಿಗೆ ಸುತ್ತುತ್ತ, "ಬ್ಯಾಡಾದ್ರೆ ದ್ಯಾವ್ರೇ ಹೇಳ್ಲಿ. ನೀನು ಕುಂತ್ಕಳವ್ವ" ಅಂದಳು. ದೇವರೇನೂ ಹೇಳಲಿಲ್ಲ. ಅಂದು ಅವ್ವ ಪ್ರಸಾದದ ಅವಲಕ್ಕಿ ತಿಂದಳು. ಅದನ್ನು ನೋಡಿ ನನಗೆ ಅಳು ಬಂತು. ಆಮೇಲೆ ಆ ಹೆಂಗಸರೇ ಅವಳನ್ನು ನಾಟಿಗೆ ಕರೆದೊಯ್ದರು, ನಮ್ಮ ಗದ್ದೆಗೆ, ಕೆಲಸಕ್ಕೆ ಬದಲು ಕೆಲಸವೆಂದು, ಮುಯ್ಯಾಳಾಗಿ ತಾವೂ ಇಳಿದರು. ಗೊಣಗಿದವಳೂ ಇಳಿದಳು.

ದೊಡ್ಡವ್ವ ತೀರಿಕೊಂಡಾಗ ಹೊಳೆದಂಡೆಯ ತನಕ ತಾಳ ಹಾಕಿದವಳು ಅವ್ವ. ಮನೆಗೆ ಬಂದ ಮೇಲೆ ಕೇಳಿದೆ, ದೊಡ್ಡವ್ವ ಅಂದು ಬೇಕೆಂದೇ ತಾಳ ತಪ್ಪಿಸುತ್ತಿದ್ದಳೇ ಎಂದು. ಅವ್ವನಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ಹಾಗಾದರೆ ಆಗಲೇ ಯಾಕೆ ಎದ್ದು ಹೋಗಲಿಲ್ಲ ಅಂದೆ.

"ನನ್ನೇ ಕರೀತಾವ್ರೆ ಅಂತ ಗೊತ್ತಿತ್ತು ಕಣೆ. ಇನ್ನೊಂಚೂರು ಕರೀಲಿ ಅಂತ ಕುಂತಿದ್ದೆ."

ಈಗ ಅವ್ವನೂ ಇಲ್ಲ. ನಮ್ಮ ಬೀದಿಯ ಭಜನೆಯಲ್ಲಿ ಯಾರದಾದರೂ ತಾಳ ತಪ್ಪಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ತನಕ ಹೋಗಿ ನಿಲ್ಲುತ್ತೇನೆ.