ಯಾರಿಗೆ ಅಂತ ಕೇಳದೆ ಕೊಟ್ಟ ಗಾಲಿಕುರ್ಚಿ

ಮಾತಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಡೆದದ್ದಕ್ಕೆಲ್ಲ ನೀವು ಪಾಪ ಬೀದಿಯವರನ್ನು ಬೈದೀರಿ. ಫ್ಯಾನು, ಮಿಕ್ಸಿ, ನೀರಿನ ಪಂಪು, ಯಾವುದರ ಮೋಟರ್ ಸುಟ್ಟರೂ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಬಡಾವಣೆಯವರೆಲ್ಲ ಅವನನ್ನು ವೈಂಡಿಂಗಣ್ಣ ಅನ್ನುತ್ತಾರೆ. ತಂತಿ ಸುತ್ತುವಾಗ ಬಾಯೊಳಗೇ ಎಣಿಸುತ್ತಿರಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಎಲ್ಲ ಬಿಚ್ಚಬೇಕು. ಎಣಿಸಿ ಎಣಿಸಿ ಆ ಬಾಯಿಗೆ ಬೇರೇನೂ ಬರದ ಹಾಗಾಗಿದೆ ಅಂತ ಹೆಂಡತಿ ಬದುಕಿದ್ದಾಗ ರೇಗಿಸುತ್ತಿದ್ದಳು. ಅವಳಿಗೆ ಇಬ್ಬರ ಪಾಲಿನ ಮಾತೂ ಬರುತ್ತಿತ್ತು, ಹಾಗಾಗಿ ಸಂಸಾರ ಸಾಗಿತು.

ಅವಳು ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದಕ್ಕೆ ಅವಳ ತಾಯಿ ಬಂದರು. ಮಗಳು ಉಳಿಯಲಿಲ್ಲ. ತಾವಿದ್ದ ಬಾಡಿಗೆ ಕೋಣೆಯನ್ನು ಅಷ್ಟರಲ್ಲಿ ಬಿಟ್ಟುಕೊಟ್ಟಿದ್ದ ತಾಯಿ ಇಲ್ಲೇ ಇದ್ದರು. ನೆಲಮಹಡಿಯ ಮನೆ, ಮುಂದಿನ ಕೋಣೆಯೇ ಅಂಗಡಿ, ಒಳಗಿನ ಕೋಣೆ ಅತ್ತೆಯದು, ಅಳಿಯ ಮಲಗುವುದು ಮೋಟರುಗಳ ಮಧ್ಯೆ. ಬೆಳಗ್ಗೆ ಟೀ ಲೋಟ ಬೆಂಚಿನ ತುದಿಗೆ ಬರುತ್ತದೆ, ಮಧ್ಯಾಹ್ನ ತಟ್ಟೆ ಬರುತ್ತದೆ. "ಅಳಿಯಂದ್ರೇ, ಊಟ" ಅಂತ ಅವರು, "ಹೂಂ ಅತ್ತೆ" ಅಂತ ಇವನು. ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ತನಗೇನು ಹಕ್ಕು ಅಂತ ಅವರಿಗೆ ಒಳಗೊಳಗೇ ಅಳುಕು. ಇವರೂ ಒಂದು ದಿನ ಎದ್ದು ಹೋದರೆ ತನ್ನ ಗತಿಯೇನು ಅಂತ ಇವನಿಗೆ ದಿಗಿಲು. ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದ ಪುಣ್ಯಾತ್ಮ ಈ ಮನೆಗೆ ಬಂದು ಒಂದು ವಾರ ಇರಬೇಕಿತ್ತು.

ಇನ್ನು ಬೀದಿಯ ವಿಷಯ. ತಿರುವಿನಲ್ಲಿ ಒಂದು ನೆರೆಹೊರೆ ಕೇಂದ್ರ ಇದೆ. ಏಣಿ ಬೇಕೇ, ಡ್ರಿಲ್ ಬೇಕೇ, ಊರುಗೋಲು, ಗಾಲಿಕುರ್ಚಿ, ನೆಂಟರು ಬಂದರೆ ಮಡಚುವ ಮಂಚ, ಎಲ್ಲಾ ಅಲ್ಲಿ ಸಿಗುತ್ತದೆ. ಕೆಲಸ ಮುಗಿದ ಮೇಲೆ ವಾಪಸ್ ಇಟ್ಟರಾಯಿತು. ಅದರ ಹಿಂದಿನ ಕೋಣೆಯಲ್ಲೇ ಒಂದು ಚಿಕ್ಕ ಆಸ್ಪತ್ರೆ, ಅಲ್ಲಿ ಒಬ್ಬ ನರ್ಸಮ್ಮ. ಎಲ್ಲವನ್ನೂ ನಡೆಸುವವರು ಕೇಂದ್ರದಕ್ಕ, ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಹಿಂದೊಮ್ಮೆ ಯಾರೋ ಒಬ್ಬ ಊರುಗೋಲು ಕೇಳಲು ಬಂದಾಗ, ಅಲ್ಲಿದ್ದವರು ಯಾರಿಗೆ, ಏನಾಯಿತು, ಹೇಗಾಯಿತು ಅಂತ ಹತ್ತು ಜನರೆದುರು ಕೆದಕಿದರಂತೆ. ಅವನು ನಾಚಿಕೆಯಿಂದ ಬರಿಗೈಯಲ್ಲಿ ತಿರುಗಿ ಹೋದನಂತೆ. ಅಂದಿನಿಂದ ಅಕ್ಕನ ಕಟ್ಟಪ್ಪಣೆ: ಯಾರಿಗೆ ಅಂತ ಕೇಳಬಾರದು. ಕೇಳದೆ ಕೊಡಬೇಕು, ಕರೆಯದೆ ಹೋಗಿ ಕೈ ಜೋಡಿಸಬೇಕು. ಬೀದಿಯವರು ಇದನ್ನು ದೇವರ ಮಾತಿನ ಹಾಗೆ ಪಾಲಿಸುತ್ತಾರೆ. ಒಳ್ಳೆಯ ನಿಯಮವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಎದುರಿಗಿರುವವನು ಕೇಳಿದರೂ ಹೇಳದ ಆಸಾಮಿಯಾದರೆ?

ಆಗಿದ್ದೇ ಅದು. ಪಕ್ಕದ ಬೀದಿಯ ಅಪಾರ್ಟ್‌ಮೆಂಟಿನ ಪಂಪು ಸುಟ್ಟಿತು. ಹೆಣಭಾರದ ಮೋಟರು. ಚರಂಡಿ ಕೊಳವೆಗೆ ಅಂತ ರಸ್ತೆ ಅಗೆದು ಹಾಕಿದ್ದರು, ಆಟೋ ಕೂಡ ಒಳಗೆ ಬರುವಂತಿಲ್ಲ, ಫುಟ್‌ಪಾತೊಂದೇ ಗತಿ. ವೈಂಡಿಂಗಣ್ಣ ತಲೆ ಕೆರೆದುಕೊಂಡ. ನೇರ ಕೇಂದ್ರಕ್ಕೆ ಹೋಗಿ, "ಅಕ್ಕಾ, ಗಾಲಿಕುರ್ಚಿ" ಅಂದ. ಅಕ್ಕ ಅವನ ಮುಖ ನೋಡಿದರು, ತುಟಿ ಕಚ್ಚಿಕೊಂಡರು, ಕುರ್ಚಿ ಕೊಟ್ಟರು. "ಎಷ್ಟು ದಿನ ಬೇಕಾದ್ರೂ ಇಟ್ಕೋಪ್ಪ" ಅಂದರು. ಯಾಕೆ ಇವರ ಗಂಟಲು ಕಟ್ಟಿತು ಅಂತ ಅವನಿಗೆ ತಿಳಿಯಲಿಲ್ಲ. ನೆಗಡಿ ಇರಬೇಕು ಅಂದುಕೊಂಡ.

ಅಪಾರ್ಟ್‌ಮೆಂಟಿನ ಕಾವಲುಗಾರನ ಕೈ ಸೇರಿಸಿ ಮೋಟರನ್ನು ಕುರ್ಚಿಯ ಮೇಲೆ ಕೂರಿಸಿದ್ದಾಯಿತು. ಅಷ್ಟರಲ್ಲಿ ತುಂತುರು ಹನಿ. ಬೇರಿಂಗಿಗೆ ನೀರು ಇಳಿದೀತು ಅಂತ ತನ್ನ ಹಳೇ ಶಾಲನ್ನು ಮೋಟರಿಗೆ ಹೊದಿಸಿ, ಬೀಳದ ಹಾಗೆ ಹಗ್ಗ ಬಿಗಿದು, ಬಗ್ಗಿ ತಳ್ಳಿಕೊಂಡು ಹೊರಟ. ಮನುಷ್ಯರ ಜೊತೆ ಬಾರದ ಮಾತು ಅವನಿಗೆ ಮೋಟರಿನ ಜೊತೆ ಧಾರಾಳವಾಗಿ ಬರುತ್ತದೆ. "ನಿಧಾನ, ನಿಧಾನ... ಇಲ್ಲೊಂದು ಗುಂಡಿ... ಆಯ್ತು, ಆಯ್ತು, ಮನೆ ಬಂತು." ಹಿಂದಿನಿಂದ ನೋಡಿದವರಿಗೆ ಕಂಡದ್ದು ಏನು ಹೇಳಿ? ಶಾಲು ಹೊದ್ದು ಕುಗ್ಗಿ ಕೂತ ಒಂದು ಗಿಡ್ಡ ಆಕೃತಿ, ಅದನ್ನು ಹೂವಿನ ಹಾಗೆ ತಳ್ಳಿಕೊಂಡು ಹೋಗುತ್ತಿರುವ ಅಳಿಯ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಲೊಚಗುಟ್ಟಿದ. "ಪಾಪ, ಅತ್ತೆ ಕಾಲು ಹೋಯ್ತು."

ಅತ್ತೆ ಒಳಗಿನ ಕೋಣೆಯಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದರು. ಮೋಟರನ್ನು ಬೆಂಚಿಗೆ ಜಾರಿಸಿ, ಸುತ್ತಿ ಮುಗಿದ ಮೇಲೆ ಅದನ್ನು ಹಾಗೇ ವಾಪಸ್ ಒಯ್ಯಬೇಕಲ್ಲ ಅಂತ ಕುರ್ಚಿಯನ್ನು ಮಡಚಿ ಬಾಗಿಲ ಹಿಂದೆ ನಿಲ್ಲಿಸಿದ. ಎದ್ದು ಬಂದ ಅತ್ತೆ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಇದು ಯಾಕೆ ಅಂತ ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೇಳಲಿಲ್ಲ.

ಮರುದಿನದಿಂದ ಶುರುವಾಯಿತು ನೋಡಿ. ಎದುರು ಮನೆಯಾಕೆ ಬಿಸಿ ಊಟದ ಡಬ್ಬಿ ತಂದು ಬೆಂಚಿನ ಮೇಲಿಟ್ಟು, ಮಾತಿಲ್ಲದೆ ಅವನ ಭುಜ ತಟ್ಟಿ ಹೋದಳು. ಕ್ಷೌರದವನು ಪೆಟ್ಟಿಗೆ ಸಮೇತ ಮನೆಗೇ ಬಂದ.

"ಕೂತ್ಕೋ ಅಣ್ಣಾ. ಇನ್ಮೇಲೆ ನೀನು ಅಂಗಡಿಗೆ ಬರೋದು ಬೇಡ, ನಾನೇ ಬರ್ತೀನಿ."

"ಯಾಕೆ?"

"ಯಾಕೆ ಅಂತ ನಾನೂ ಕೇಳಲ್ಲ, ನೀನೂ ಕೇಳಬೇಡ" ಅಂದವನೇ ಸೋಪು ಹಚ್ಚಿಬಿಟ್ಟ.

ಬಾಯಿಗೆ ನೊರೆ ಮೆತ್ತಿದ ಮೇಲೆ ಇನ್ನೇನು ಕೇಳುವುದು? ವೈಂಡಿಂಗಣ್ಣ ಕಣ್ಣು ಕಣ್ಣು ಬಿಟ್ಟುಕೊಂಡು ಕೂತ. ಸಂಜೆ ಯಾರೋ ಹೊಸಿಲಿಗೆ ಇಳಿಜಾರಾಗಿ ಒಂದು ಹಲಗೆ ಹಾಕಿ ಹೋದರು. ಮರುದಿನ ನರ್ಸಮ್ಮ ಬಂದು, ಅತ್ತೆಯ ಬಿ.ಪಿ. ನೋಡಿ, ಮಂಡಿ ಒತ್ತಿ, "ಓಡಾಡ್ತಿದ್ದೀರಲ್ಲ, ಗಟ್ಟಿಗಿತ್ತಿ ನೀವು. ಆದ್ರೆ ನೋವು ಮುಚ್ಚಿಟ್ಕೋಬೇಡಿ" ಅಂದಳು. ಅತ್ತೆ ತಲೆಯಾಡಿಸಿದರು. ಅವರ ಮಂಡಿ ಎಂದಿನ ಹಾಗೆ ಕಟಕಟ ಅನ್ನುತ್ತಿತ್ತು, ಅಷ್ಟೇ.

ಅವನಿಗೆ ತಲೆ ಬುಡ ತಿಳಿಯಲಿಲ್ಲ. ಇದುವರೆಗೆ ಇವನನ್ನು ಕಂಡರೆ "ಫ್ಯಾನ್ ಆಯ್ತಾ?" ಅಂತ ಬಿಟ್ಟರೆ ಮಾತಾಡದ ಜನ ಈಗ ದಾರಿ ಬಿಟ್ಟು ನಿಲ್ಲುತ್ತಿದ್ದಾರೆ. ಅಂಗಡಿಗೆ ಹೋದರೆ ಸಾಲಿನ ಮುಂದಕ್ಕೆ ತಳ್ಳುತ್ತಿದ್ದಾರೆ. ಒಬ್ಬಳು ಅವನ ಕೈ ಹಿಡಿದು, "ಧೈರ್ಯವಾಗಿರಣ್ಣ" ಅಂದಳು. ಇದ್ದಕ್ಕಿದ್ದಂತೆ ಅವನಿಗೆ ಹೊಳೆಯಿತು. ಅಯ್ಯೋ ಶಿವನೇ, ನನಗೇ ಏನೋ ಆಗಿದೆ! ಊರಿಗೆಲ್ಲ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ! ಹೋದ ತಿಂಗಳು ಕೆಮ್ಮು ಅಂತ ನರ್ಸಮ್ಮನ ಹತ್ತಿರ ಹೋಗಿದ್ದು ನೆನಪಾಯಿತು. ಆಗ ಅವಳು ರಕ್ತ ತೆಗೆದುಕೊಂಡಿದ್ದಳು. ಆಮೇಲೆ ಏನೂ ಹೇಳಿರಲಿಲ್ಲ.

ಇದರ ಮೇಲೆ ಅತ್ತೆಯ ವರಸೆಯೂ ಬದಲಾಗಿತ್ತು. ಅವನ ಅಂಗಿಗಳಿಗೆಲ್ಲ ಕುಳಿತು ಗುಂಡಿ ಹೊಲಿದರು. ಅಡುಗೆಮನೆಗೆ ಕರೆದು, "ಇದು ಉಪ್ಪು, ಇದು ಸಕ್ಕರೆ, ನೋಡೋಕೆ ಎರಡೂ ಒಂದೇ ಥರ, ಮರೀಬೇಡಿ. ಅಕ್ಕಿಗೆ ನೀರು ಬೆರಳಿನ ಈ ಗೆಣ್ಣಿನ ತನಕ. ಒಲೆ ಆರಿಸಿ ಆದ್ಮೇಲೆ ಸಿಲಿಂಡರ್ ತಿರುವಿ" ಅಂತ ಹೇಳಿಕೊಟ್ಟರು. ಅವನು ಹೂಂಗುಟ್ಟಿದ. ಬೆಂಚಿಗೆ ಬಂದು ಕೂತ ಮೇಲೆ ಯೋಚನೆ ಹತ್ತಿತು. ಸಾಯೋನಿಗೆ ಯಾರಾದ್ರೂ ಅನ್ನ ಮಾಡೋದು ಕಲಿಸ್ತಾರಾ? ಇಲ್ಲ ಅಂದ್ರೆ ನಾನು ಸಾಯಲ್ವಾ? ಹಾಗಾದ್ರೆ ಆ ಹಲಗೆ ಯಾಕೆ? ತಂತಿಯ ಎಣಿಕೆ ತಪ್ಪಿತು. ಬಿಚ್ಚಿದ. ಮತ್ತೆ ಸುತ್ತಿದ. ಮತ್ತೆ ತಪ್ಪಿತು. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ.

ಕೊನೆಗೆ ಗಟ್ಟಿ ಮನಸ್ಸು ಮಾಡಿ ನರ್ಸಮ್ಮನ ಬಳಿಗೇ ಹೊರಟ. ಬೆಂಚಿನ ಮೇಲೆ ಕೂತು ಸರದಿ ಕಾದ. ಒಳಗೆ ಹೋಗಿ ನಾಲಿಗೆ ಹೊರಳಿಸಿ, "ನನಗೆ ಎಷ್ಟು ದಿನ ಅಂತ ಹೇಳಿಬಿಡಿ" ಅಂದ.

ನರ್ಸಮ್ಮ ಕಕ್ಕಾಬಿಕ್ಕಿ. "ಏನು ಎಷ್ಟು ದಿನ? ನಿಮ್ಮ ರಕ್ತ ಚೆನ್ನಾಗಿದೆ, ಎದೆ ಚೆನ್ನಾಗಿದೆ, ಕಲ್ಲುಗುಂಡಿನ ಹಾಗಿದ್ದೀರಿ. ಮನೇಲಿ ಒಬ್ಬರು ಹೀಗಾದಾಗ ನೀವೂ ಕುಸಿದ್ರೆ ಹೇಗೆ?"

"ಯಾರು? ಹೇಗಾದ್ರು?"

ನರ್ಸಮ್ಮ ಅವನನ್ನು ಬಹಳ ಕರುಣೆಯಿಂದ ನೋಡಿದಳು. "ಒಪ್ಕೊಳ್ಳೋಕೆ ಟೈಮು ಬೇಕಾಗತ್ತೆ" ಅಂದು ಮುಂದಿನವರನ್ನು ಕರೆದಳು.

ಅವನು ಬೀದಿಯಲ್ಲಿ ನಿಂತು ತನ್ನ ಕೈ ಕಾಲು ಮುಟ್ಟಿ ನೋಡಿಕೊಂಡ. ಕಲ್ಲುಗುಂಡು. ಖುಷಿಪಡಬೇಕೋ, ಇನ್ನೂ ಹೆದರಬೇಕೋ?

ಅವನು ಅಲ್ಲಿ ಹೀಗೆ ಒದ್ದಾಡುತ್ತಿದ್ದಾಗ ಮನೆಯಲ್ಲಿ ಏನಾಯಿತು ಅನ್ನುವುದು ಅವನಿಗೆ ತಿಳಿದದ್ದು ಆಮೇಲೆ. ನಿಮಗೆ ಈಗಲೇ ಹೇಳುತ್ತೇನೆ. ಕೇಂದ್ರದಕ್ಕ ಬಂದಿದ್ದರು. ಅತ್ತೆಯ ಪಕ್ಕ ಕೂತು, ಮೆಲ್ಲಗೆ, "ಅಮ್ಮಾ, ನಮ್ಮ ಕೇಂದ್ರದ ಹಿಂದಿನ ಬೀದೀಲಿ ಹಿರಿಯರ ಮನೆ ಇದೆಯಲ್ಲ, ಅಲ್ಲೊಂದು ಹಾಸಿಗೆ ಖಾಲಿಯಾಗಿದೆ. ಬಲವಂತ ಇಲ್ಲ. ನಿಮ್ಮ ಅಳಿಯಂದು ಒಂಟಿ ಕೈ. ಒಂದು ಸಲ ನೋಡ್ಕೊಂಡು ಬನ್ನಿ" ಅಂದಿದ್ದರು. ಅಕ್ಕನ ಮನಸ್ಸಿನಲ್ಲಿ ಲವಲೇಶವೂ ಕೆಟ್ಟದ್ದಿರಲಿಲ್ಲ. ಅತ್ತೆ, "ಆಗ್ಲಿ ತಾಯಿ" ಅಂದಿದ್ದರು. ಅಳಿಯ ತಮ್ಮನ್ನು ಕಳಿಸಲು ಹೊರಟಿದ್ದಾನೆ ಅಂತ ಕುರ್ಚಿ ಬಂದ ದಿನವೇ ಅವರಿಗೆ ಅರ್ಥವಾಗಿತ್ತು, ಅಂದರೆ, ಅರ್ಥವಾಗಿದೆ ಅಂದುಕೊಂಡಿದ್ದರು.

ವೈಂಡಿಂಗಣ್ಣ ಬಾಗಿಲು ತೆರೆದರೆ, ಅತ್ತೆ ಗಾಲಿಕುರ್ಚಿಯಲ್ಲಿ ಕೂತಿದ್ದಾರೆ. ತಾವೇ ಅದನ್ನು ಎಳೆದು ಬಿಡಿಸಿಕೊಂಡಿದ್ದಾರೆ. ತಲೆ ಬಾಚಿ, ಒಗೆದ ಸೀರೆ ಉಟ್ಟು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡಿದ್ದಾರೆ.

"ಬಂದ್ರಾ? ನಡೀರಿ, ಹೊರಡೋಣ."

"ಎಲ್ಲಿಗೆ ಅತ್ತೆ?"

"ನಿಮಗೆ ಹೇಳೋಕೆ ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಅಕ್ಕನ ಬಾಯಲ್ಲಿ ಹೇಳಿಸಿದ್ರಿ. ನನಗೇನೂ ಬೇಜಾರಿಲ್ಲ ಅಳಿಯಂದ್ರೇ. ನಡೆದೇ ಹೋಗಬಲ್ಲೆ, ಆದ್ರೆ ನೀವು ಕುರ್ಚಿ ತಂದು ಇಟ್ಟಿದ್ದೀರಿ, ಅದನ್ನ ಬೇಡ ಅನ್ನೋದು ಸರಿಯಲ್ಲ."

ಕುರ್ಚಿ. ಡಬ್ಬಿ. ಹಲಗೆ. ಕಲ್ಲುಗುಂಡು. ಎಲ್ಲಾ ಒಟ್ಟಿಗೆ ಅವನ ತಲೆಯೊಳಗೆ ತಿರುಗಿ ಒಮ್ಮೆಲೇ ನಿಂತಿತು.

"ಅಯ್ಯೋ, ಅದು ಪಂಪಿಗೆ!" ಅಂತ ಕಿರುಚಿದ. "ಕುರ್ಚಿ ಪಂಪಿಗೆ ಅತ್ತೆ! ಇದಕ್ಕೆ! ರಸ್ತೆ ಅಗೆದಿದ್ರಲ್ಲ, ಹೊರೋಕಾಗ್ಲಿಲ್ಲ..." ಅಂತ ಬೆಂಚಿನ ಮೇಲಿದ್ದ ಮೋಟರನ್ನು ದಬದಬ ಬಡಿದು ತೋರಿಸಿದ. ಧೂಳು ಬೀಳದಿರಲಿ ಅಂತ ಹೊದಿಸಿದ್ದ ಅದೇ ಶಾಲು ಅದರ ಮೇಲಿತ್ತು.

ಅತ್ತೆ ಮೋಟರನ್ನು ನೋಡಿದರು, ಶಾಲನ್ನು ನೋಡಿದರು. "ಇದಕ್ಕೆ ಶಾಲು ಹೊದಿಸಿ, ಕುರ್ಚೀಲಿ ಕೂರಿಸಿ ತಂದ್ರಾ?"

"ಹನೀತಿತ್ತು."

ಅತ್ತೆಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು, ಮೈಯೆಲ್ಲ ಕುಲುಕಿ ನಕ್ಕರು. ಅವನೂ ನಕ್ಕ, ಬದುಕಿದೆಯಾ ಬಡಜೀವವೇ ಅಂದುಕೊಂಡ. ನಗುನಗುತ್ತಲೇ ಅವರ ಕಣ್ಣಲ್ಲಿ ನೀರು ತುಂಬಿತು. ಕುರ್ಚಿಯಿಂದ ಮಾತ್ರ ಅವರು ಏಳಲಿಲ್ಲ.

"ಕಳಿಸ್ತಿಲ್ಲ ಅಂತಾಯ್ತು" ಅಂದರು. "ಆದ್ರೆ ಇರಿ ಅಂತಾನೂ ನೀವು ಒಂದು ದಿನ ಅಂದಿಲ್ಲ. ಈ ಚೀಲ ಇವತ್ತು ತುಂಬಿದ್ದು ಅಂದ್ಕೊಂಡ್ರಾ? ಬಂದ ದಿನದಿಂದ ನಾನಿದನ್ನ ಬಿಚ್ಚೇ ಇಲ್ಲ. ಉಡೋದು, ಒಗೆಯೋದು, ಮತ್ತೆ ಇದರೊಳಗೇ ಇಡೋದು. ಯಾವತ್ತು ಹೋಗಿ ಅಂತೀರೋ ಅಂತ."

ಅವನು ಆ ಚೀಲವನ್ನೇ ನೋಡಿದ. ಒಂದೇ ಸೂರು, ಒಂದೇ ಒಲೆ, ಪ್ರತಿದಿನ ಇವರ ಕೈಯ ಅನ್ನ. ಒಳಗಿನ ಕೋಣೆಯಲ್ಲಿ ಇವರು ಬಸ್ಸಿಗೆ ಕಾಯುವವರ ಹಾಗೆ ಇದ್ದರೇ?

"ಇರಿ ಅತ್ತೆ" ಅಂದ. "ನೀವು ಹೋದ್ರೆ ನನಗೆ ಇನ್ಯಾರೂ ಇಲ್ಲ. ಹೇಳೋಕೆ ಬರಲ್ಲ ನನಗೆ. ಇರಿ."

ಅಷ್ಟು ಅಂದವನು ಅವರ ತೊಡೆಯ ಮೇಲಿದ್ದ ಚೀಲ ಎತ್ತಿಕೊಂಡು ಒಳಗಿನ ಕೋಣೆಗೆ ನಡೆದ. ಅಲ್ಲಿದ್ದ ಬೀರುವಿನ ಬಾಗಿಲು ತೆರೆದ. ಮೇಲಿಂದ ಕೆಳಗಿನ ತನಕ ಹೆಂಡತಿಯ ಸೀರೆಗಳು, ಅವಳೇ ಜೋಡಿಸಿಟ್ಟ ಹಾಗೇ. ಅವಳು ಹೋದ ಮೇಲೆ ಅವನು ಆ ಬಾಗಿಲು ತೆಗೆದಿರಲಿಲ್ಲ, ಅತ್ತೆಯೂ ತೆಗೆದಿರಲಿಲ್ಲ. ಒಂದು ಚೀಲ ಬಟ್ಟೆಗೆ ಜಾಗ ಮಾಡಬೇಕಾದರೆ ಒಂದು ಖಾನೆಯಾದರೂ ಖಾಲಿಯಾಗಬೇಕು. ಅವನು ಒಂದು ಕಂತೆಯನ್ನು ಎರಡೂ ಕೈಯಲ್ಲಿ ಹೊರಗೆ ತೆಗೆದ. ತೆಗೆದು ಎಲ್ಲಿಡುವುದು ಅಂತ ತಿಳಿಯದೆ, ಅದನ್ನು ಎದೆಗೆ ಒತ್ತಿಕೊಂಡು, ಕೋಣೆಯ ನಡುವೆ ದಿಕ್ಕು ತಪ್ಪಿದವನ ಹಾಗೆ ನಿಂತುಬಿಟ್ಟ.

ಹಿಂದಿನಿಂದ ಕಟಕಟ ಅಂತ ಮಂಡಿಯ ಸದ್ದು ಬಂತು. ಅತ್ತೆ ಎದುರಿಗೆ ಬಂದು ನಿಂತು ಕೈ ಚಾಚಿದರು.

"ಇಲ್ಲಿ ಕೊಡಿ. ನನ್ನ ಮಗಳ ಸೀರೆ, ನಾನು ಮಡಚಿಡ್ತೀನಿ" ಅಂದರು. "ನೀವು ಚೀಲ ಬಿಚ್ಚಿ."